ಅಮಾವಾಸ್ಯೆಗೆ ತೊಳೆದ ಜಲ್ಲಿ

ಧಡಾರ್!

ಬೆನ್ನ ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ನಾನಿದ್ದದ್ದು ಎಲ್ಲಿ ಗೊತ್ತೇನ್ರಿ? ಫಿಲ್ಟರ್ ಟ್ಯಾಂಕಿನ ಹೊಟ್ಟೆಯಲ್ಲಿ!

ಬಿಳಿಚೋಡು ಊರಿನಾಚೆ, ಮೆಕ್ಕೆಜೋಳದ ದಿಂಡು ಸುಡುವ ಫ್ಯಾಕ್ಟರಿ ಅದು. ಒಲೆಯ ಬಿಸಿಗಾಳಿ ಈ ಟ್ಯಾಂಕಿನ ಜಲ್ಲಿರಾಶಿಯೊಳಗೆ ನುಸುಳಿ ಹೋಗುತ್ತೆ. ಧೂಳು, ಬೂದಿಯೆಲ್ಲ ಜಲ್ಲಿಯಲ್ಲೇ ಉಳಿಯುತ್ತೆ. ಒಂಬೈನೂರು ಡಿಗ್ರಿ... ನನ್ನ ಮೂಳೆಯೂ ಸಿಗುತ್ತಿರಲಿಲ್ಲ!

ನಾನು ಷಣ್ಮುಖಪ್ಪ, ಇನ್ಶೂರೆನ್ಸ್ ಕಂಪನಿಯ ತನಿಖೆಗಾರ. ಕಳೆದ ಅಮಾವಾಸ್ಯೆ, ಪೂಜೆಗೆ ಮುಂಚೆ ವಾಡಿಕೆಯಂತೆ ಜಲ್ಲಿ ತೊಳೆಯಲು ಇಳಿದ ಕೊಟ್ರೇಶ್ ಇಲ್ಲೇ ಬೆಂದು ಸತ್ತ. ತಣ್ಣಗಿದ್ದ ಟ್ಯಾಂಕಿನಲ್ಲಿ! 'ಕುಡಿದು ಒಲೆಗೆ ಬಿದ್ದ' ಎಂದು ಮಾಲೀಕ ಬೆನಕಪ್ಪ ಬರೆದುಕೊಟ್ಟ. ಕೊಟ್ರೇಶ್ ಜನ್ಮದಲ್ಲಿ ಕುಡಿದವನಲ್ಲ. ಆ ಕಳಂಕ ತೊಳೀರಿ ಎಂದು ಕೈ ಮುಗಿದವಳು ಅವನ ಹೆಂಡತಿ ಭೀಮಕ್ಕ. ಇಲ್ಲೇ ದಿಂಡು ಹೊರುತ್ತಾಳೆ. ಸಾಕ್ಷಿಗೆ ಒಂದು ಕಲ್ಲು ಹೆಕ್ಕಲೆಂದೇ ಒಲೆ ಆರಿದ್ದಾಗ ಒಳಗಿಳಿದಿದ್ದೆ.

ಬಾಗಿಲ ಕಿಂಡಿಯಲ್ಲಿ ಬೆನಕಪ್ಪನ ಮುಖ ಕಾಣಿಸಿತು.

"ಜೇಬ್ನಾಗೆ ಏನೈತ್ರಿ?"

"ಕಲ್ಲು. ಕರಿ ಜಲ್ಲಿ ತೆಗೆದು ಅಗ್ಗದ ಸುಣ್ಣದ ಕಲ್ಲು ಹಾಕ್ಸೀರಲ್ಲ... ಅದು!"

"ಕೊಡ್ರಿ. ಬಾಗ್ಲು ತೆಗೀತೀನಿ."

"ಕೊಡದಿದ್ರೆ?"

"ಒಲೆ ಹಚ್ಚಾಕೆ ಹೇಳ್ತೀನಿ."

ಬಾಟಲಿಯ ನೀರಲ್ಲಿ ಕರ್ಚೀಫು ನೆನೆಸಿದೆ. ಅದರಲ್ಲಿ ಕಲ್ಲು ಸುತ್ತಿ ಕಿಂಡಿಯಿಂದ ಚಾಚಿದೆ.

"ಒದ್ದೆ ಐತಲ್ಲ?"

"ಬೆವರು ಕಣ್ರಿ. ಸಾಯೋನಿಗೆ ಬೆವರೂ ಬರಬಾರ್ದಾ?"

ನಕ್ಕ. ಗಂಟನ್ನು ಅಂಗಿ ಜೇಬಿಗೆ ತುರುಕಿದ. ಒಲೆಯ ಕಡೆ ತಿರುಗಿ ಕೂಗಿದ.

"ಹಚ್ರಲೇ ಬೆಂಕಿ!"

ಅವನು ಮಾತು ಉಳಿಸಿಕೊಳ್ಳುವ ಪೈಕಿ ಅಲ್ಲ ಎಂದು ಗೊತ್ತಿತ್ತು. ಒಳಗೆ ಮನುಷ್ಯನಿದ್ದಾನೆಂದು ಒಲೆಯವರಿಗೆ ಗೊತ್ತಿರಲಿಲ್ಲ. ಎಣಿಸುತ್ತಾ ನಿಂತೆ. ಹತ್ತು... ಇಪ್ಪತ್ತು... ಕಾಲಡಿ ಕಲ್ಲು ಬೆಚ್ಚಗಾಯಿತು. ಹೆದರಿದ್ದೆ, ಸುಳ್ಳೇಕೆ ಹೇಳಲಿ?

"ಅಯ್ಯಯ್ಯೋ! ಸುಡ್ತೈತೆ!"

ಹೊರಗೆ ಗದ್ದಲ. ಚಿಲಕ ಸರಿಯಿತು. ಬಾಗಿಲಲ್ಲಿ ಭೀಮಕ್ಕ! ನಾನು ಇಳಿದದ್ದನ್ನು ಕಂಡಿದ್ದಳು; ಬೆನಕಪ್ಪ ಬಾಗಿಲು ಬಿಟ್ಟು ಸರಿಯುವುದನ್ನೇ ಕಾಯುತ್ತಿದ್ದಳಂತೆ.

"ಬೇಗ್ ಬರ್ರಿ ಅಣ್ಣಾರೆ!"

ಹಾರಿದೆ. ಬೆನಕಪ್ಪ ಎದೆ ಹಿಡಿದುಕೊಂಡು ಕುಣಿಯುತ್ತಿದ್ದ. ಜೇಬಿನಿಂದ ಹಬೆ ಏಳುತ್ತಿತ್ತು. ಕೆಲಸದವರೆಲ್ಲ ಬಾಯಿ ಬಿಟ್ಟು ನಿಂತಿದ್ದರು.

"ಏನಾತ್ರಿ ಇವ್ರಿಗೆ?" ಭೀಮಕ್ಕ ಕೇಳಿದಳು.

"ನಿನ್ನ ಗಂಡನಿಗೆ ಆಗಿದ್ದೇ ತಾಯಿ. ಒಲೆ ಬಿಸಿಗೆ ಸುಣ್ಣದ ಕಲ್ಲು ಸುಟ್ಟ ಸುಣ್ಣ ಆಗಿತ್ತು. ಅದಕ್ಕೆ ನೀರು ಬಿದ್ರೆ ಕೊತಕೊತ ಕುದಿಯುತ್ತೆ. ಪಾಪ, ತೊಳೆಯಾಕೆ ನೀರು ಸುರಿದಿದ್ದ. ಕುಡಿದಿರ್ಲಿಲ್ಲ!"

ಎಲ್ಲರಿಗೂ ಕೇಳುವಂತೆ ಹೇಳಿದೆ. ಅವಳ ಕಣ್ಣು ತುಂಬಿತು.

"ನೀರು! ನೀರು ಹುಯ್ರಲೇ!" ಬೆನಕಪ್ಪ ಅರಚಿದ.

ಭೀಮಕ್ಕ ತುಂಬಿದ ಕೊಡ ಎತ್ತಿದಳು. ಒಂದು ಸಲ ನನ್ನ ಮುಖ ನೋಡಿದಳು.

ಬೇಡ ಅನ್ನಬೇಕಿತ್ತು... ಅಂಗಿಯ ಧೂಳು ಕೊಡವಿಕೊಳ್ಳುವುದರಲ್ಲಿ ನಾನು ಬಿಜಿ ಇದ್ದೆ!