ಒಂಟಿಕಾಲಿನ ಫೋರ್ಕ್

ನಾನು ನಟ್ಟು-ಬೋಲ್ಟು ನಂಬೋನು ಕಣ್ರೀ, ದೆವ್ವಗಿವ್ವ ಅಲ್ಲ. ಬಾಣಾವರದ ನನ್ನ ಸೈಕಲ್ ಶಾಪಿಗೆ ಸಿದ್ಧಾರ್ಥ ಮೇಷ್ಟ್ರು ತಮ್ಮ ಬೆಟ್ಟ ಹತ್ತೋ ಸೈಕಲ್ ತಂದು, ಮುಂದಿನ ಚಕ್ರ ಹಿಡಿಯೋಕೆ ಯಾರದೋ ಹಳೇ ಸ್ಪ್ರಿಂಗ್ ಫೋರ್ಕ್ ಹಾಕಿಸಿದರು. ಅದಕ್ಕೆ ಎಡಗಡೆ ಒಂದೇ ಕಾಲು. ಸವಾರನ ಭಾರಕ್ಕೆ ಅದೆಷ್ಟು ಕುಸೀತು ಅಂತ ಕಾಲಿನ ಮೇಲಿರೋ ರಬ್ಬರ್ ಉಂಗುರ ಸರಿದು ತೋರಿಸುತ್ತೆ.

ಮೇಷ್ಟ್ರು ಹತ್ತಿ ಕೂತರು, ಎರಡು ಬೆರಳು ಕುಸೀತು. ಇಳಿದರು. ಫೋರ್ಕ್ ಮೇಲೇಳಲೇ ಇಲ್ಲ. ಮಟಮಟ ಮಧ್ಯಾಹ್ನದಲ್ಲೂ ಹ್ಯಾಂಡಲ್ ತಣ್ಣಗಿತ್ತು.

“ಹೊನ್ನಯ್ಯನವರೇ, ನಾನು ಇಳಿದೆ ತಾನೇ?” ಅಂದರು ಮೇಷ್ಟ್ರು.

ಆಗಲೇ ಫೋರ್ಕ್ ಬಿಚ್ಚಿ, ಉಂಗುರ ಮೊದಲಿನ ಜಾಗಕ್ಕೆ ತಳ್ಳಿ, ಗೋಡೆಗೆ ನೇತುಹಾಕಿದೆ. ದಿನಾ ಬೆಳಿಗ್ಗೆ ಉಂಗುರ ಎರಡು ಬೆರಳು ಸರಿದಿರುತ್ತೆ. ದಿನಾ ವಾಪಸ್ ತಳ್ತೀನಿ.

ಇವತ್ತು ನಾಲ್ಕು ಬೆರಳು ಸರಿದಿತ್ತು. ಮೇಷ್ಟ್ರು ಫೋನ್ ಎತ್ತುತ್ತಿಲ್ಲ.