ಬಂಡೆಮ್ಮನ ಎಲ್ಲೆ

ಯುವರಾಜ್ ಪಕ್ಕದ ಸೀಟಿನ ಮೇಲಿದ್ದ ಬ್ಯಾಗ್ ತೆಗೆದು ಜಾಗ ಮಾಡಿದ. ರಾಧಾಮಣಿ ನೋಡಿಯೂ ನೋಡದವಳಂತೆ ಕಂಬಿ ಹಿಡಿದು ನಿಂತೇ ಇದ್ದಳು. ತಳಿ ಪಟ್ಟಣದಿಂದ ಹೊರಟ ಗಡಿಯಾರದ ಫ್ಯಾಕ್ಟರಿಯ ಬಸ್ಸು ಅವಳ ಊರಿನಲ್ಲಿ ಅವಳನ್ನು ಹತ್ತಿಸಿಕೊಂಡು ಹೊಸೂರಿನ ಕಡೆ ತಿರುಗಿತು.

"ಇವತ್ತೇನು, ನಿಂತ್ಕೊಳ್ಳೋ ವ್ರತಾನಾ?" ಎಂದ ನಗುತ್ತಾ.

"ಕಥೆಗಾರನ ಪಕ್ಕ ಕೂರಾಕೆ ಭಯ ಆಯ್ತದೆ."

ಅವನ ನಗು ಅಲ್ಲೇ ಇಂಗಿಹೋಯಿತು.

ಯುವರಾಜ್ ಫೋನಿನ ಆ್ಯಪ್ ಒಂದರಲ್ಲಿ ಫ್ಯಾಂಟಸಿ ಧಾರಾವಾಹಿ ಬರೆಯುತ್ತಿದ್ದ. ಈ ಸಲದ ನಾಯಕಿ ಒಬ್ಬಳು ದೇವಿ. ಆ ದೇವಿ ಅವನಿಗೆ ಸಿಕ್ಕಿದ್ದು ಇದೇ ಸೀಟಿನಲ್ಲಿ, ತಿರುವಿಗೊಮ್ಮೆ ಭುಜಕ್ಕೆ ಭುಜ ತಾಗುವಾಗ ರಾಧಾಮಣಿ ಹೇಳಿದ ಮಾತುಗಳಲ್ಲಿ. ಅವಳ ಊರಿನ ದೇವತೆ ಬಂಡೆಮ್ಮನನ್ನು ಹಿರಿಯರು ಊರ ಗಡಿಯ ಎಲ್ಲೆಕಲ್ಲು ದಾಟದಂತೆ ಕಟ್ಟಿ ನಿಲ್ಲಿಸಿದ್ದಾರೆ. ಅಮ್ಮ ದಾಟಿದರೆ ಊರಿಗೆ ಉಳಿಗಾಲವಿಲ್ಲ. ಅಮ್ಮ ಮೈಮೇಲೆ ಬರುವ ಹುಡುಗಿಯನ್ನೂ ಬೇರೆ ಊರಿಗೆ ಮದುವೆ ಮಾಡಿ ಕೊಡುವುದಿಲ್ಲ. ಈಗ ಅಮ್ಮ ಬರುವುದು ರಾಧಾಮಣಿಯ ಮೈಮೇಲೆ. ಕೆಲಸಕ್ಕೆ ಹೋಗಬಹುದು, ಸಂಜೆಗೆ ಬಂದುಬಿಡಬೇಕು.

ಯುವರಾಜನ ಕಥೆಯಲ್ಲಿ ದೇವಿ ಎಲ್ಲೆಕಲ್ಲನ್ನು ಒದ್ದು, ಒಬ್ಬ ಸವಾರನ ಕುದುರೆ ಹತ್ತಿ ಹೊರಟೇಬಿಟ್ಟಿದ್ದಳು. ಓದುಗರು ಹಾರ್ಟ್ ಮೇಲೆ ಹಾರ್ಟ್ ಒತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ನಿಂಗದು ಫ್ಯಾಂಟಸಿ ಕಣೋ. ನಂಗೆ ದಿನಾ ಕೈಮುಗಿದು ಬರೋ ದೇವ್ರು."

"ಹೆಸ್ರು ಬದಲಾಯಿಸಿದ್ನಲ್ಲ ರಾಧಾ..."

"ಮುಖಾನೂ ಬದಲಾಯಿಸ್ಬೇಕಿತ್ತು. ಎಡಗಣ್ಣಿನ ಕೆಳಗೆ ಮಚ್ಚೆ ಇರೋ ದೇವ್ರನ್ನ ಎಲ್ಲಾನಾ ಕಂಡಿದ್ಯಾ?"

ಅವನು ತಲೆ ತಗ್ಗಿಸಿದ. ಆದರೂ ಕಳ್ಳಗಣ್ಣು ಮೇಲೆದ್ದು ಆ ಮಚ್ಚೆಯ ಮೇಲೆ ನಿಂತಿತು. ಸಿಟ್ಟಿನಲ್ಲಿದ್ದ ರಾಧಾಮಣಿಯ ಕೆನ್ನೆ ಬಿಸಿಯಾಯಿತು. ಆ ಕೆನ್ನೆಯ ಮೇಲೂ ಅವಳಿಗೆ ಸಿಟ್ಟು ಬಂತು.

"ಜಗನ್ ಟೀ ಅಂಗಡೀಲಿ ಎಲ್ರಿಗೂ ಓದಿ ಹೇಳವ್ನೆ," ಎಂದಳು. ಜಗನ್ ಅವಳ ದೊಡ್ಡಪ್ಪನ ಮಗ. "ಶುಕ್ರವಾರ ಅಮ್ಮನ್ನೇ ಕೇಳ್ತಾರಂತೆ. ನೀನೂ ಬಂದು ನಿಲ್ಬೇಕು. ಅಮ್ಮ ಮುನಿದವ್ಳೆ ಅಂದ್ರೆ ನಾನು ಕೆಲ್ಸ ಬುಡ್ಬೇಕು. ಆಮೇಲೆ ಎಲ್ಲೆ ದಾಟೋ ಹಂಗೇ ಇಲ್ಲ."

"ಅಮ್ಮ ಮಾತಾಡೋದು ನಿನ್ ಬಾಯಿಂದ್ಲೇ ಅಲ್ವಾ? ಕ್ಷಮಿಸಿದ್ದೀನಿ ಅಂದ್ಬುಡು."

"ಆಗ ನಾನೂ ನಿನ್ನಂಗೇ ಅಮ್ಮನ ಮೇಲೆ ಕಥೆ ಕಟ್ಟಿದಂಗಾಯ್ತದೆ."

ಹೊಸೂರು ಬರುವವರೆಗೂ ಅವಳು ಕೂರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗುಡಿಯ ಮುಂದೆ ಊರೇ ನೆರೆದಿತ್ತು. ರಾಧಾಮಣಿ ಒದ್ದೆ ಸೀರೆಯಲ್ಲಿ ಕಣ್ಣುಮುಚ್ಚಿ ಕೂತಳು. ತಮಟೆ ಶುರುವಾಯಿತು, ಸಾಂಬ್ರಾಣಿ ಹೊಗೆ ಮುಖಕ್ಕೆ ಹೊಡೆಯಿತು. ಪೂಜಾರಿಯಾದ ಅವಳ ಅಪ್ಪ ರಾಮಕೃಷ್ಣಪ್ಪ ನಿಂಬೆಹಣ್ಣು ಹಿಡಿದು ನಿಂತ. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ಕಿವಿ ಗುಂಯ್ ಎಂದು, ಮೈ ನಡುಗಿ, ಮುಂದಿನದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಇವತ್ತು ಮಂಡಿ ನೋವು ಬಿಟ್ಟರೆ ಏನೂ ಇಲ್ಲ.

"ಬಾರವ್ವಾ ತಾಯಿ," ಅಜ್ಜಿ ಅಕ್ಕಯಮ್ಮ ಅಂಗಲಾಚಿದಳು. ತಮಟೆ ಜೋರಾಯಿತು. ಅಮ್ಮ ಬರಲಿಲ್ಲ.

ಅತ್ತ ದರಿ, ಇತ್ತ ಪುಲಿ. ಕೂದಲು ಬಿಚ್ಚಿ ತೂಗಿ 'ಕ್ಷಮಿಸಿದೆ' ಎಂದರೆ ಊರೆಲ್ಲ ಕಾಲಿಗೆ ಬೀಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು. ಬರಲಿಲ್ಲ ಎಂದರೆ ಅಮ್ಮ ಮುನಿದಳೆಂದು ತನ್ನನ್ನು ಮನೆಯೊಳಗೇ ಕೂರಿಸುತ್ತಾರೆ.

ಕಣ್ಣು ತೆರೆದಳು. ಬಿಸಿಲಿನಲ್ಲಿ ಬರಿಗಾಲಿನಲ್ಲಿ ಯುವರಾಜ್ ಕೈಮುಗಿದು ನಿಂತಿದ್ದ. ಅವನ ತುಟಿ ಒಣಗಿತ್ತು. ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಕೈಯೆತ್ತಿದಳು, ತಮಟೆ ನಿಂತಿತು.

"ಅಮ್ಮ ಬಂದಿಲ್ಲ. ಮಾತಾಡ್ತಿರೋಳು ನಾನು, ರಾಧಾಮಣಿ."

ಜನ ಗುಜುಗುಟ್ಟಿದರು.

"ನಂಬಿ ಹೇಳಿದ್ದನ್ನ ನನ್ನ ಕೇಳ್ದೆ ಬರ್ಕೊಂಡ. ಅದು ತಪ್ಪು. ಅಮ್ಮನ ಮುಂದೆ ಅಡ್ಡಬೀಳ್ಲಿ, ಬರ್ದಿದ್ದನ್ನ ಅಳಿಸ್ಲಿ. ಆದ್ರೆ ಇನ್ನೊಂದು ತಪ್ಪೂ ಬರ್ದವ್ನೆ." ಅವಳು ಯುವರಾಜನ ಕಡೆ ನೋಡಿದಳು. "ಎಲ್ಲೆ ದಾಟಿ ಇವನ ಹಿಂದೆ ಹೋಗ್ಬೇಕು ಅಂತ ಆಸೆ ಪಟ್ಟೋಳು ಅಮ್ಮ ಅಲ್ಲ. ನಾನು."

ಯುವರಾಜ್ ಮಣ್ಣಿನಲ್ಲಿ ಉದ್ದಕ್ಕೆ ಅಡ್ಡಬಿದ್ದ. ಎದ್ದು, ಎಲ್ಲರೆದುರು ಫೋನ್ ತೆಗೆದು ಕಥೆ ಅಳಿಸಿದ. ರಾಮಕೃಷ್ಣಪ್ಪ ನಿಂಬೆಹಣ್ಣನ್ನು ಗರ್ಭಗುಡಿಯ ಹೊಸ್ತಿಲ ಮೇಲಿಟ್ಟು, ಮಗಳ ಮುಖ ನೋಡದೆ ಹೇಳಿದ:

"ಅಮ್ಮ ಇವಳ ಮೈ ಬಿಟ್ಟವ್ಳೆ. ಅಮ್ಮ ಬಿಟ್ಟ ಹುಡುಗೀನ ಎಲ್ಲೆ ಒಳಗೆ ಕಟ್ಟಾಕೋ ಕಟ್ಟಳೆ ನಮ್ಮಲ್ಲಿಲ್ಲ. ಮದ್ವೆ ಮಾತಾಡಾಕೆ ನಿಮ್ಮಪ್ಪ ಅವ್ವನ್ನ ಕರ್ಕೊಂಡ್ ಬಾ ಕಣ್ಲಾ."

ಬೇಡಿದ್ದು ಸಿಕ್ಕಿತ್ತು. ಆದರೆ ರಾಧಾಮಣಿ ಬಿಕ್ಕಿ ಬಿಕ್ಕಿ ಅತ್ತಳು, ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಮಗುವಿನಂತೆ. ಬಂಡೆಮ್ಮ ಮುನಿದು ಬಿಟ್ಟಳೋ, ಹರಸಿ ಬಿಟ್ಟಳೋ, ಇನ್ನು ಕೇಳಿ ತಿಳಿಯುವಂತಿರಲಿಲ್ಲ.

ಯುವರಾಜ್ ಹತ್ತಿರ ಬಂದು ನಿಂತ.

"ಇದನ್ನ ಬರೀಬ್ಯಾಡ," ಎಂದಳು.

"ಬರೆಯಲ್ಲ."