ಮೊಪೆಡ್ಡಿನ ಜೆಟ್ಟು

ಕುತ್ತಿಗೆ ಮೇಲೆ ಲಾಂಗು. ಕೈಯಲ್ಲಿ ಸ್ಕ್ರೂಡ್ರೈವರ್.

ಆ ಸ್ಥಿತೀಲಿ ಯಾವತ್ತಾದ್ರೂ ಕಾರ್ಬೊರೇಟರ್ ಟ್ಯೂನ್ ಮಾಡಿದೀರಾ ಸಾರ್? ನಾನು ಮಾಡಿದೀನಿ.

"ಏರ್ ಸ್ಕ್ರೂ ಇನ್ನೊಂಚೂರು ಬಿಡು ಭಾವ," ಅಂದ ಮುನಿಕೃಷ್ಣ. "ಐಡ್ಲಿಂಗ್ ಮುಗ್ಗರಿಸ್ತೈತೆ."

ಬಿಟ್ಟೆ. ಹಳೇ ಜಾವಾ ಮುಗ್ಗರಿಸೋದು ನಿಲ್ಲಿಸಿ ಹದವಾಗಿ ಬಡಿದುಕೊಳ್ಳತೊಡಗಿತು. ಅವನ ಕಿವಿ ಚೆನ್ನಾಗಿತ್ತು. ಆ ಕಿವಿಗೆ ಪಾಠ ಹೇಳಿದವನು ನಾನೇ.

ಹೆದರಿಕೆ ಆಗಲಿಲ್ಲವಾ ಅಂತ ಕೇಳ್ತೀರಿ. ಇಲ್ಲ. ಸಿಟ್ಟೂ ಬರಲಿಲ್ಲ. ಆ ವರ್ಷ ನನ್ನೊಳಗೆ ಏನೂ ಹುಟ್ಟುತ್ತಲೇ ಇರಲಿಲ್ಲ. ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೆ.

ನನ್ನ ಹೆಸರು ಭೀಮರಾಜ್. ತೊಂಬತ್ತೊಂದರ ಮಾತು. ದೊಡ್ಡಬಳ್ಳಾಪುರದಲ್ಲಿ ಗ್ಯಾರೇಜು. ಬೋರ್ಡಿನ ಮೇಲೆ ಮೋಟರ್‌ಸೈಕಲ್ ರಿಪೇರಿ. ಬೋರ್ಡಿನ ಹಿಂದೆ ಬೇರೆ ಕಸುಬು... ಓಡಿಹೋದವರನ್ನ ಹುಡುಕಿಕೊಡೋದು.

ಆಗ ನಾನು ಹುಡುಕ್ತಿದ್ದವನು ಇದೇ ಮುನಿಕೃಷ್ಣ. ನನ್ನ ತಂಗಿ ಪ್ರಮೋದಾಳ ಗಂಡ. ತಾನಾಗೇ ಬಂದು ಸ್ಟೂಲ್ ಎಳೆದು ಕೂತಿದ್ದ.

"ಒಂದು ಮಗ್ಗದ ಶೆಡ್ಡಿಗೆ ಬೆಂಕಿ ಬಿತ್ತಲ್ಲ," ಅಂದೆ, ತಲೆ ಎತ್ತದೆ. "ನೀನೇನಾ?"

"ನಾನೇ. ಹಚ್ಚು ಅಂದೋನು ಆದಿನಾರಾಯಣಪ್ಪ."

ಆದಿನಾರಾಯಣಪ್ಪ ದೊಡ್ಡ ಮಗ್ಗದ ಯಜಮಾನ. ಪಕ್ಕದ ಶೆಡ್ಡಿನ ಮೇಲೆ ಅವನಿಗೆ ಕಣ್ಣು. ಅದರ ಮಾಲೀಕ ಚಿಕ್ಕವೆಂಕಟಪ್ಪ ಕೊಡಲ್ಲ ಅಂದಿದ್ದ.

"ಚಿಕ್ಕವೆಂಕಟಪ್ಪ ಒಳಗೆ ಮಲಗಿದ್ದ ಕಣೋ."

"ನಂಗೊತ್ತಿರ್ಲಿಲ್ಲ ಭಾವ. ದೇವ್ರಾಣೆ."

ನಿಜ ಹೇಳ್ತಿದ್ದ. ಆದರೆ ಸತ್ತವನಿಗೆ ಅದರಿಂದೇನೂ ಆಗಬೇಕಾಗಿರಲಿಲ್ಲ.

ಚಿಕ್ಕವೆಂಕಟಪ್ಪನ ಹೆಂಡತಿ ಮುನಿವೆಂಕಟಮ್ಮ ನನ್ನ ಹತ್ತಿರ ಬಂದಿದ್ದಳು. ಅಳಲಿಲ್ಲ. ಒಂದೇ ಮಾತು ಹೇಳಿದಳು. "ಬೆಂಕಿ ಹಚ್ಚಿದೋನ್ನ ಸಾಯಾಕ್ ಬಿಡ್ಬೇಡ ಕಣಪ್ಪ. ಸತ್ರೆ ಬಾಯಿ ಮುಚ್ಚೋಯ್ತದೆ. ಜೀವಂತ ಹಿಡ್ಕೊಡು. ಹಚ್ಚು ಅಂದೋನ ಹೆಸ್ರು ಕೋರ್ಟಲ್ಲಿ ನಿಂತು ಹೇಳ್ಲಿ."

ಜೀವಂತ ಇರಬೇಕು. ಸಿಕ್ಕಿಬೀಳಲೂಬೇಕು. ಕೆಲಸ ಇಷ್ಟೇ.

"ಹಿಂದೂಪುರ ದಾಟಿಬಿಟ್ರೆ ನಂಗೆ ಚಿಂತೆಯಿಲ್ಲ," ಅಂದ. "ಎರಡೂ ಟೈರು ಸವೆದೋಗವೆ. ಬದಲಾಯ್ಸು."

ಅವನು ಆ ದಾರೀನೇ ಹಿಡೀತಾನೆ ಅಂತ ನಾನು ಮೊದಲೇ ಲೆಕ್ಕ ಹಾಕಿದ್ದೆ. ಮಾಕಳಿ ಬೆಟ್ಟದ ಹತ್ತಿರ ನಾನು ಹೇಳಿಟ್ಟಿದ್ದ ಪೊಲೀಸ್ ವ್ಯಾನು ಕಾಯ್ತಿತ್ತು. ಆದ್ರೆ ಇವನು ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ವ್ಯಾನಿನವರಿಗೆ ಹೊಗೆ ಮಾತ್ರ ಸಿಗ್ತಿತ್ತು.

"ಟೈರು ಗೋಡೆ ಮೇಲಿವೆ. ನೀನೇ ಆರಿಸು," ಅಂದೆ.

ಎದ್ದು ಹೋದ. ಬೆನ್ನು ನನ್ನ ಕಡೆ.

ಇಂಜಿನ್ ಆಫ್ ಮಾಡಿದೆ. ಕಾರ್ಬೊರೇಟರ್ ಕೆಳಗಿನ ತಿರುಪು ಬಿಚ್ಚಿದೆ. ಮೇನ್ ಜೆಟ್ಟು ಅಂದ್ರೆ ಸಣ್ಣ ತೂತಿನ ಹಿತ್ತಾಳೆ ತುಂಡು ಸಾರ್. ಜೋರಾಗಿ ಓಡಿಸಿದಾಗ ಪೆಟ್ರೋಲ್ ಅದರಿಂದಲೇ ಹೋಗಬೇಕು. ಐಡ್ಲಿಂಗ್‌ಗೆ ಬೇರೆ ದಾರಿ. ಜಾವಾದ ಜೆಟ್ಟು ತೆಗೆದು ಒಂದು ಮೊಪೆಡ್ಡಿನ ಜೆಟ್ಟು ಕೂರಿಸಿದೆ.

ಊರೊಳಗೆ ನಿಧಾನಕ್ಕೆ ಹೋಗುವಾಗ ಏನೂ ಗೊತ್ತಾಗಲ್ಲ. ಬಯಲಿಗೆ ಬಂದು ಪೂರ್ತಿ ಎಳೆದರೆ ಪೆಟ್ರೋಲ್ ಸಾಲಲ್ಲ. ಎಣ್ಣೆಯೂ ಆ ಪೆಟ್ರೋಲಿನಲ್ಲೇ ಕಲೆಸಿರೋದು. ಅದೂ ಸಾಲಲ್ಲ. ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತೆ. ಹಿಂದಿನ ಚಕ್ರ ಓಡುತ್ತಿರುವಾಗಲೇ ಲಾಕ್!

ಆಗ ಅವನನ್ನ ಉಳಿಸೋದು ಎರಡೇ. ಥಟ್ಟಂತ ಹಿಡಿದ್ರೆ ಚಕ್ರ ಬಿಡಿಸೋ ಅವನ ಕ್ಲಚ್ಚು... ಜಾರದ ನನ್ನ ಟೈರು.

"ಇದು ಹೊಸದಂಗೈತಲ್ಲ," ಅಂತ ಒಂದು ಟೈರು ಇಳಿಸಿದ.

"ಬೇಡ. ಅದು ರೀಸೋಲ್. ಬಿಸಿಯಾದ್ರೆ ಮೇಲಿನ ಪದರ ಎದ್ದು ಬರುತ್ತೆ."

"ಹಂಗಾದ್ರೆ ಎರಡಕ್ಕೂ ಈ ಉಬ್ಬುಬ್ಬು ಬಟನ್ ಟೈರು ಹಾಕು. ಮುಂದೆ ಜಲ್ಲಿ ರಸ್ತೆ."

"ಹಿಂದಕ್ಕೆ ಬಟನ್ ಸರಿ. ಮುಂದಕ್ಕೆ ರಿಬ್ ಹಾಕ್ತೀನಿ. ತುಂತುರು ಹನೀತಿದೆ. ಉದ್ದ ಗೀರಿದ್ರೆ ಒದ್ದೆ ಟಾರಲ್ಲಿ ಹ್ಯಾಂಡ್ಲು ನೇರ ನಿಲ್ಲುತ್ತೆ."

ಅವನು ರಿಬ್ ಟೈರು ಇಳಿಸಿ ನನ್ನ ಮುಂದಿಟ್ಟ.

"ನಿನ್ನ ಕಸುಬು ಗೊತ್ತು ಭಾವ. ನನ್ನ ಹಿಡ್ಕೊಡ್ತೀಯ ಅಂದ್ಕೊಂಡೇ ಇದನ್ನ ತಂದಿದ್ದು," ಅಂದು ಲಾಂಗನ್ನು ಕೆಳಗಿಟ್ಟ. "ನೀನು ನೋಡಿದ್ರೆ ನನ್ನ ಟೈರಿಗೆ ಇಷ್ಟು ಯೋಚ್ನೆ ಮಾಡ್ತೀಯ."

ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಗಾಳಿ ತುಂಬಿದೆ. ನಟ್ಟು ಬಿಗಿದೆ.

ಅವನು ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿದ. ಶ್ರುತಿ ಕೂತಿತ್ತು. ಲಾಂಗನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಟ.

ನಾನು ಬುಲೆಟ್ ಒದೆಯುವಷ್ಟರಲ್ಲಿ ಹಸಿರು ಜೀಪೊಂದು ಗ್ಯಾರೇಜಿನ ಮುಂದೆ ಹಾದುಹೋಯಿತು. ಒಳಗೆ ಆದಿನಾರಾಯಣಪ್ಪನ ಕಡೆಯವರು.

ಅಯ್ಯೋ ಶಿವನೆ! ಮುನಿವೆಂಕಟಮ್ಮ ತೆರೆಸಬೇಕು ಅಂದಿದ್ದ ಬಾಯನ್ನ ಮುಚ್ಚಿಸೋಕೆ ಹೊರಟಿದ್ದರು ಇವರು. ಅವನನ್ನ ನಡುದಾರೀಲಿ ನಿಲ್ಲಿಸೋ ಕೆಲಸ ನಾನೇ ಮಾಡಿಕೊಟ್ಟಿದ್ದೆ.

ರೈಲ್ವೆ ಗೇಟು. ಜಾವಾ ದಾಟಿತ್ತು. ಗೇಟು ಬಿತ್ತು. ಜೀಪು ನಿಂತಿತು.

ನಾನು ಬುಲೆಟ್ಟನ್ನ ಪಕ್ಕಕ್ಕೆ ಮಲಗಿಸಿಕೊಂಡು ಅಡ್ಡಗಂಬದ ಕೆಳಗೆ ತಳ್ಳಿದೆ. ಗೇಟಿನವನು ಬೈದ. ಜೀಪಿನಿಂದ ಒಬ್ಬ ಇಳಿದು ನನ್ನ ಕಾಲರ್ ಹಿಡಿದ. ಸ್ಪ್ಯಾನರ್‌ನಿಂದ ಅವನ ಮಣಿಕಟ್ಟಿಗೆ ಕೊಟ್ಟೆ. ಬಿಟ್ಟ. ಹಳಿ ದಾಟಿದೆ. ಹಿಂದೆಯೇ ಗೂಡ್ಸ್ ರೈಲು ಬಂತು. ಉದ್ದದ ರೈಲು, ಪುಣ್ಯ.

ಬೆಟ್ಟದ ಏರಿನಲ್ಲಿ ಸಿಕ್ಕಿದ. ಒದ್ದೆ ಟಾರಿನ ಮೇಲೆ ಚಕ್ರ ಜಾರಿದ ಗುರುತು ನೇರವಾಗಿ ಹೋಗಿ ಚರಂಡಿ ಅಂಚಲ್ಲಿ ಮುಗಿದಿತ್ತು. ಅಲ್ಲಿ ಜಾವಾ ಒರಗಿಕೊಂಡಿತ್ತು. ಮುನಿಕೃಷ್ಣನ ಮೊಣಕೈ ಚರ್ಮ ಕಿತ್ತುಹೋಗಿತ್ತು. ನಿಂತಿದ್ದ. ಬದುಕಿದ್ದ.

"ಇಂಜಿನ್ ಕಚ್ಕೊಂತು," ಅಂದ. "ನೀನೇ ಅಲ್ವಾ?"

"ನಾನೇ."

ಲಾಂಗು ಎತ್ತಿದ. ಕೆಳಗಡೆ ಜೀಪಿನ ಹಾರ್ನ್ ಕೇಳಿಸಿತು.

"ಆದಿನಾರಾಯಣಪ್ಪನ ಜೀಪು," ಅಂದೆ. "ಬಂದಿರೋದು ನಿನ್ನ ಕ್ಷೇಮ ವಿಚಾರಿಸೋಕಲ್ಲ. ಹತ್ತು."

ಹತ್ತಿದ. ಲಾಂಗಿನ ಮೊನೆ ನನ್ನ ಬೆನ್ನಿಗೆ ತಾಗುತ್ತಿತ್ತು.

"ಎಲ್ಲಿಗೆ?"

"ಪೊಲೀಸ್ ವ್ಯಾನಿಗೆ."

ತಿರುವಿನಲ್ಲಿ ಜೀಪು ಹತ್ತಿರವಾಯ್ತು.

"ಪ್ರಮೋದಾಗೆ ಗೊತ್ತಾ ಭಾವ?"

"ಇಲ್ಲ."

ಲಾಂಗು ರಸ್ತೆಗೆ ಬಿದ್ದ ಸದ್ದು ಕೇಳಿಸಿತು. ಅವನ ಕೈ ನನ್ನ ಸೊಂಟ ಹಿಡಿದುಕೊಂಡಿತು. ಮುಂದಿನ ತಿರುವಿನಲ್ಲೇ ವ್ಯಾನಿತ್ತು. ಅದನ್ನ ನೋಡಿದ್ದೇ ಜೀಪು ಹಿಂದಕ್ಕೆ ತಿರುಗಿತು.

ಅವನು ಕೋರ್ಟಲ್ಲಿ ನಿಂತ. ಹೆಸರು ಹೇಳಿದ. ಆದಿನಾರಾಯಣಪ್ಪನಿಗೂ ಶಿಕ್ಷೆ, ಅವನಿಗೂ ಶಿಕ್ಷೆ. ಮುನಿವೆಂಕಟಮ್ಮ ಪೂರ್ತಿ ಕೇಳಿಸಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದುಹೋದಳು.

ನಾನು ತಂಗಿ ಮನೆಗೆ ಹೋದೆ.

ಪ್ರಮೋದಾ ಒಳಗೆ ಕರೀಲಿಲ್ಲ. ಬಾಗಿಲು ಹಿಡಿದುಕೊಂಡೇ ಕೇಳಿದಳು.

"ನಮ್ ಯಜಮಾನ್ರನ್ನ ಉಳಿಸ್ದ್ಯೋ, ಹಿಡ್ಕೊಟ್ಯೋ? ಒಂದು ಹೇಳಣ್ಣ."

"ಎರಡೂ ಕಣಮ್ಮ."

"ಎರಡೂ ಅಂತ ಇರಲ್ಲ," ಅಂದಳು. ಬಾಗಿಲು ಹಾಕಿಕೊಂಡಳು.

ಸಂದಿಯಲ್ಲಿ ನನ್ನ ಬೆರಳಿತ್ತು ಸಾರ್. ಎಳೆದುಕೊಂಡು ಬಂದೆ. ನೋಯ್ತಿದೆ ಅಂತ ಗೊತ್ತಾಗೋಕೆ ಬಸ್‌ಸ್ಟ್ಯಾಂಡ್‌ವರೆಗೂ ನಡೀಬೇಕಾಯ್ತು.